ನಮ್ಮವರ ಎಡಗಾಲು

ಮೋಟಾರು ಬೈಕಿನ ಹಿಂದೆ ಎರಡೂ ಕಾಲನ್ನು ಒಂದೇ ಕಡೆಗೆ ಇಳಿಬಿಟ್ಟು ಕೂರುವ ಹೆಂಗಸಿಗೆ ಲೋಕದ ಎಡಭಾಗ ಮಾತ್ರ ಕಾಣಿಸುತ್ತದೆ. ಮದ್ದೂರಿನಿಂದ ಮಂಡ್ಯಕ್ಕೆ ಹೋಗುವಾಗ ನಾನು ನೋಡುವುದು ಎಡಗಡೆಯ ಅಂಗಡಿ, ಎಡಗಡೆಯ ಕಬ್ಬಿನ ಗದ್ದೆ, ಎಡಗಡೆ ನಿಂತು ಬಸ್ಸು ಕಾಯುವ ಜನ. ಬಲಗಡೆಯದೆಲ್ಲ ವಾಪಸು ಬರುವಾಗ ಸಿಗುತ್ತದೆ. ಮದುವೆಯಾದಾಗಿನಿಂದ ಹೀಗೆ ಕೂತು ಓಡಾಡಿ, ಬೆಳಿಗ್ಗೆ ಅವರನ್ನು ಕಳಿಸುವಾಗಲೂ ಗಾಡಿಯ ಎಡಕ್ಕೇ ನಿಂತಿದ್ದರಿಂದ ನಮ್ಮವರ ಎಡಗಾಲು ನನಗೆ ಚೆನ್ನಾಗಿ ಗೊತ್ತು. ಹಿಮ್ಮಡಿಯ ಒಡಕು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹೇಗೆ ಹತ್ತಿಕೊಂಡಿದೆ, ಎಲ್ಲ ಹೇಳಬಲ್ಲೆ. ಬಲಗಾಲಿನ ಬಗ್ಗೆ ಯಾರಾದರೂ ಕೇಳಿದರೆ ಖಚಿತವಾಗಿ ಏನೂ ಹೇಳಲಾರೆ.

ನಮ್ಮವರಿಗೆ ಎರಡು ಕೆಲಸ. ಆತಗೂರು ಕಡೆ ಒಂದು ಸಣ್ಣ ಹಳ್ಳಿಯ ಗುಡಿಯಲ್ಲಿ ಪೂಜೆ ಅವರ ತಾತನ ಕಾಲದಿಂದ ಇವರ ಮನೆಯದು. ಅದು ಬೆಳಗಿನ ಕೆಲಸ. ಹಗಲಿನಲ್ಲಿ ಮದ್ದೂರಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಚೇರಿಯಿಂದ ನಿವೃತ್ತಿಯಾಗಿದೆ. ಗುಡಿಯಿಂದ ನಿವೃತ್ತಿ ಎಂಬುದಿಲ್ಲ.

ಈ ಎರಡು ಕೆಲಸಕ್ಕೂ ಹೋಗುತ್ತಿದ್ದವರು ಇಬ್ಬರು ಬೇರೆ ಬೇರೆ ಗಂಡಸರು ಎಂದೇ ನನಗೆ ಅನ್ನಿಸುತ್ತಿತ್ತು. ಬೆಳಿಗ್ಗೆ ಹೋಗುವವರು ಸ್ನಾನ ಮಾಡಿ, ಮಡಿ ಪಂಚೆಯ ಕಚ್ಚೆ ಬಿಗಿದು, ಹೆಗಲ ಮೇಲೊಂದು ವಲ್ಲಿ ಹೊದ್ದು, ಬರಿಗಾಲಿನಲ್ಲಿ ಗಾಡಿ ಹತ್ತುತ್ತಿದ್ದರು. ಕಚೇರಿಗೆ ಹೋಗುವವರು ಪ್ಯಾಂಟು, ತುಂಬುತೋಳಿನ ಷರ್ಟು, ಕಪ್ಪು ಬೂಟು ಹಾಕುತ್ತಿದ್ದರು. ನಿವೃತ್ತಿಯಾದ ಮೇಲೂ ಪೇಟೆಗೆ ಹೋಗಬೇಕೆಂದರೆ ಬೂಟೇ. ಒಂದು ಕಟ್ಟು ಸೊಪ್ಪು ತರಲಿಕ್ಕೂ ಕಾಲುಚೀಲ ಹುಡುಕುತ್ತಾರೆ. ಹೆಲ್ಮೆಟ್ಟು ಕೂಡ ಇಬ್ಬರಿಗೂ ಒಂದೊಂದು ಇದೆ. ಮಡಿಯ ಹೆಲ್ಮೆಟ್ಟನ್ನು ಬೇರೆ ಮೊಳೆಗೆ ತೂಗುಹಾಕುತ್ತೇವೆ.

ಬೂಟಿಗೆ ಪಾಲಿಷ್ ಹಾಕುವುದು ನಾನು. ಮಂಡ್ಯದ ಕಾನ್ವೆಂಟಿನಲ್ಲಿ ಓದುವಾಗ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಒಬ್ಬರು ಸಾಲಿನುದ್ದಕ್ಕೂ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದರು. ಮುಖ ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದರು. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಆ ಅಭ್ಯಾಸ ನನಗೂ ಬಂದಿದೆ. ಮನೆಗೆ ಯಾರು ಬಂದರೂ ಅವರ ಚಪ್ಪಲಿಯನ್ನು ಮೊದಲು ನೋಡುತ್ತೇನೆ, ಆಮೇಲೆ ಕಾಫಿಗೆ ಇಡುತ್ತೇನೆ.

ತೊಂದರೆ ಶುರುವಾದದ್ದು ಹಳೇ ಗಾಡಿ ಹೋದ ಮೇಲೆ. ಆ ಗಾಡಿಯಲ್ಲಿ ಗೇರೆಲ್ಲ ಕಾಲಿನಿಂದ ತುಳಿಯುವುದೇ. ಏರಿಸಲು ಮುಂದೆ ಬೆರಳಿನಿಂದ ತುಳಿಯಬೇಕು, ಇಳಿಸಲು ಹಿಂದೆ ಹಿಮ್ಮಡಿಯಿಂದ ತುಳಿಯಬೇಕು. ಪಾದದ ಮೇಲ್ಭಾಗಕ್ಕೆ ಕೆಲಸವೇ ಇರಲಿಲ್ಲ. ಅದರ ಎಂಜಿನ್ನು ನಾಲೆ ಏರಿಯ ಮೇಲೆ ಒಂದು ದಿನ ನಿಂತದ್ದು ಮತ್ತೆ ಏಳಲಿಲ್ಲ. ಅಷ್ಟರಲ್ಲಿ ಮಳವಳ್ಳಿಯಲ್ಲಿರುವ ನನ್ನ ತಮ್ಮ ಕಾರು ತೆಗೆದುಕೊಂಡಿದ್ದ. "ಭಾವ, ನನ್ನ ಬೈಕು ಸುಮ್ಮನೆ ನಿಂತಿದೆ, ತಗೊಂಡ್ಹೋಗಿ" ಎಂದ. ಹೋಗಿ ತಂದೆವು.

ತಮ್ಮನ ಗಾಡಿ ಹುಡುಗರ ಗಾಡಿ. ಒಂದನೇ ಗೇರು ಮಾತ್ರ ಕೆಳಕ್ಕೆ ತುಳಿಯುವುದು. ಉಳಿದವಕ್ಕೆಲ್ಲ ಲಿವರಿನ ಅಡಿಗೆ ಹೆಬ್ಬೆರಳು ತೂರಿಸಿ ಮೇಲಕ್ಕೆ ಎತ್ತಬೇಕು. ಹಿಮ್ಮಡಿಗೆ ಅಂತ ಹಿಂದೆ ಏನೂ ಇಲ್ಲ. ಮಳವಳ್ಳಿಯಿಂದ ಮದ್ದೂರಿನವರೆಗೆ ನಮ್ಮವರು ಬೂಟು ಹಾಕಿಕೊಂಡು ಓಡಿಸಿದರು. ನಾನು ಹಿಂದೆ ಕೂತು ನೋಡುತ್ತಲೇ ಬಂದೆ. ಬೂಟಿನ ಮೂತಿ ಲಿವರಿನ ಅಡಿಗೆ ಹೋಗುವುದು, ಮೇಲೆ ಬರುವುದು. "ಬೆಣ್ಣೆ ಥರ ಇದೆ ಕಣೇ" ಎಂದರು.

ಮರುದಿನ ಬೆಳಿಗ್ಗೆ ಅದೇ ಗಾಡಿಯನ್ನು ಬರಿಗಾಲಿನವರು ಓಡಿಸಿಕೊಂಡು ಹೋದರು.

ಆತಗೂರಿನ ಕಡೆ ರಸ್ತೆಯಲ್ಲಿ ಹಂಪುಗಳಿವೆ, ಕಬ್ಬಿನ ಟ್ರ್ಯಾಕ್ಟರುಗಳಿವೆ, ರಸ್ತೆಯನ್ನು ಸ್ವಂತದ್ದು ಎಂದುಕೊಂಡಿರುವ ಎಮ್ಮೆಗಳಿವೆ. ಗುಡಿ ಮುಟ್ಟುವಷ್ಟರಲ್ಲಿ ಎಷ್ಟು ಸಲ ಗೇರು ಇಳಿಸಿ ಏರಿಸಬೇಕೋ ಲೆಕ್ಕವಿಲ್ಲ. ಅಷ್ಟು ಸಲವೂ ಕಬ್ಬಿಣದ ಲಿವರು ಹೆಬ್ಬೆರಳಿನ ಉಗುರಿನ ಹಿಂದಿನ ಚರ್ಮವನ್ನು ಉಜ್ಜುತ್ತದೆ. ಮೊದಲು ಅಲ್ಲಿ ಕೆಂಪಾಯಿತು. ಆಮೇಲೆ ಗುಳ್ಳೆ ಬಂತು. ಗುಳ್ಳೆ ಒಡೆದು ಗಾಯವಾಯಿತು. ನಮ್ಮವರಿಗೆ ಸಕ್ಕರೆ ಕಾಯಿಲೆ ಇದೆ. ಗಾಯ ಮಾಯಲಿಲ್ಲ.

ಮಂಡ್ಯದ ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು, ಮಾತು ನೇರ. ಗಾಯವನ್ನು ನೋಡಿ, "ಇದು ಹೇಗಾಯ್ತು?" ಎಂದರು.

"ಗೇರು" ಎಂದರು ನಮ್ಮವರು.

"ಚಪ್ಪಲಿ ಹಾಕೊಂಡು ಓಡಿಸಿ."

"ಮಡಿ" ಎಂದರು ನಮ್ಮವರು.

ಡಾಕ್ಟರು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಅಮ್ಮ, ಈ ಗಾಯ ಮುಚ್ಚಬೇಕು. ದಿನಾ ಬೆಳಿಗ್ಗೆ ಹೀಗೇ ಉಜ್ಜಿ ತೆರೀತಾ ಇದ್ದರೆ ಒಳಕ್ಕೆ ಹೋಗುತ್ತೆ. ಬೆರಳು ತೆಗೀಬೇಕಾಗುತ್ತೆ. ಹೆದರಿಸ್ತಾ ಇಲ್ಲ, ಹೇಳ್ತಾ ಇದೀನಿ" ಎಂದರು. ನಾನು ಹೆದರಿದೆ. ನಮ್ಮವರು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ನೋಡುತ್ತಿದ್ದರು.

ವಾಪಸು ಬರುವಾಗ ಸಕ್ಕರೆ ಕಾರ್ಖಾನೆಯ ವಾಸನೆ ಗಾಳಿಯಲ್ಲಿತ್ತು. ಆ ವಾಸನೆಗೆ ನನಗೆ ಮೊದಲೆಲ್ಲ ಹಸಿವಾಗುತ್ತಿತ್ತು. ಆವತ್ತು ಅದು ಇವರ ಕಾಲಿಗೇ ಹೋಗಿ ಸೇರುತ್ತಿದೆ ಅನ್ನಿಸಿತು. ಗಾಡಿಯ ಮೇಲಿಂದಲೇ ಕೇಳಿದೆ.

"ರೀ, ಚಪ್ಪಲಿ ಹಾಕೊಂಡು ಹೋಗಿ, ಗುಡಿ ಮುಂದೆ ಬಿಟ್ಟು, ನಲ್ಲೀಲಿ ಕಾಲು ತೊಳಕೊಂಡರೆ ಆಗಲ್ವೇ?"

"ಮಡಿ ಉಟ್ಟ ಮೇಲೆ ಕಾಲಿಗೆ ಏನೂ ಮೆಟ್ಟೋ ಹಾಗಿಲ್ಲ. ನಮ್ಮಪ್ಪ ಸೈಕಲ್ಲಲ್ಲೂ ಬರಿಗಾಲಲ್ಲೇ ಹೋಗ್ತಿದ್ದರು."

"ಸೈಕಲ್ಲಿಗೆ ಗೇರಿರಲಿಲ್ಲ."

"ಅದು ಅವರ ಅದೃಷ್ಟ."

"ಗಾಡಿ ಮುಟ್ಟಿದರೆ ಮಡಿ ಹೋಗಲ್ವೇ?"

"ಗಾಡಿ ಕಬ್ಬಿಣ. ಕಬ್ಬಿಣಕ್ಕೆ ನೀರು ಚಿಮುಕಿಸಿದರೆ ಸಾಕು."

"ಹ್ಯಾಂಡಲಿನ ಹಿಡಿ ರಬ್ಬರು."

"ರಬ್ಬರು ಅಂದರೆ ಮರದ ಹಾಲು ಕಣೇ. ಅದಕ್ಕೆ ದೋಷ ಇಲ್ಲ."

"ಹಾಗಾದರೆ ರಬ್ಬರಿನ ಚಪ್ಪಲಿ?"

ಮುಂದೆ ಒಂದು ಹಂಪು ಬಂತು. ಬೂಟಿನ ಮೂತಿ ಗೇರು ಇಳಿಸಿತು, ಏರಿಸಿತು. "ಮೆಟ್ಟೋದು ಬೇರೆ, ತುಳಿಯೋದು ಬೇರೆ" ಎಂದರು. ನನಗೆ ಅದು ಆಗ ಮೊಂಡುವಾದ ಅನ್ನಿಸಿತ್ತು. ಆದರೂ ನೆನಪಿಟ್ಟುಕೊಂಡೆ.

ಗೇರಿಲ್ಲದ ಸ್ಕೂಟರಿನ ಮಾತನ್ನೂ ಎತ್ತಿ ನೋಡಿದೆ. ಹೆಂಗಸರ ಗಾಡಿ ಎಂದರು. ಹಾಗಾದರೆ ನಾನು ಓಡಿಸುತ್ತೇನೆ, ನೀವು ಹಿಂದೆ ಕೂರಿ ಎಂದೆ. ಮಡಿಯಲ್ಲಿ ನನ್ನನ್ನು ಮುಟ್ಟುವ ಹಾಗಿಲ್ಲವಂತೆ. ಬಸ್ಸಿನಲ್ಲಿ ಊರೆಲ್ಲ ಮುಟ್ಟುತ್ತದೆ. ಗಾಯಕ್ಕೆ ಹಾಕಿದ ಪಟ್ಟಿ ಮೆಡಿಕಲ್ ಸ್ಟೋರಿನದು, ಅದು ಮಡಿಯಲ್ಲ, ಸ್ನಾನಕ್ಕೆ ಮೊದಲು ಬಿಚ್ಚಬೇಕು. ನಾನು ರಾತ್ರಿ ಪಟ್ಟಿ ಕಟ್ಟುವುದು, ಅವರು ಬೆಳಿಗ್ಗೆ ಬಿಚ್ಚುವುದು, ಲಿವರು ಮತ್ತೆ ಉಜ್ಜುವುದು. ಮನೆಯಲ್ಲಿ ಎಲ್ಲರೂ ಅವರವರ ಕೆಲಸ ಮಾಡುತ್ತಿದ್ದೆವು.

ಕೊನೆಗೆ ಗಾಡಿಯನ್ನೇ ಬದಲಾಯಿಸುವುದು ಅಂತ ನಮ್ಮವರು ತೀರ್ಮಾನಿಸಿದರು. ಗಾಡಿ ಅಂದರೆ ಗಾಡಿಯಲ್ಲ, ಲಿವರು.

ಮದ್ದೂರಿನಲ್ಲಿ ನಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರು ಸಾಹೇಬರು. ಗಡ್ಡ ನೆರೆತಿದೆ, ಕೈಯಲ್ಲಿ ಸದಾ ಒಂದು ಬಟ್ಟೆ ಚಿಂದಿ. ಹಳೇ ಗಾಡಿಯನ್ನು ಅಷ್ಟು ದಿನ ಓಡಿಸಿದ್ದು ತಾನೇ ಎಂದು ಅವರ ನಂಬಿಕೆ, ಅದು ನಿಜ ಕೂಡ. ನಮ್ಮವರು ಪ್ಯಾಂಟು, ಬೂಟು ಹಾಕಿಕೊಂಡು ಅಲ್ಲಿಗೆ ಹೋದರು. ನಾನು ಜೊತೆಗಿದ್ದೆ, ಎದುರಿನ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಾ.

"ಇದು ಉಡುಗ್ರ ಗಾಡಿ ಕಣ್ ಸ್ವಾಮಿ" ಎಂದರು ಸಾಹೇಬರು. "ಬೆರಳಲ್ಲಿ ಎತ್ತಾದು ಉಡುಗ್ರಿಗೆ ಚೆಂದ. ನಿಮ್ಗೆ ಇಂದ್ಕೂ ಒಂದು ತುಳಿಯೋದು ಇರೋ ಲಿವರ್ ಆಕ್ಬುಡ್ತೀನಿ. ಮುಂದೆ ತುಳುದ್ರೆ ಇಳೀತದೆ, ಇಂದೆ ತುಳುದ್ರೆ ಏರ್ತದೆ. ಬೆರಳ್ ಎತ್ತಂಗೇ ಇಲ್ಲ."

ಹಾಗೇ ಮಾಡಿದರು. ಗೇರಿನ ಲಿವರು ಒಂದು ಕಬ್ಬಿಣದ ಕಡ್ಡಿಯ ತುದಿಗೆ ಕೂತಿರುತ್ತದೆ, ಆ ಕಡ್ಡಿಯ ಸುತ್ತ ಸಣ್ಣ ಹಲ್ಲುಗಳಿರುತ್ತವೆ. ಬೋಲ್ಟು ಸಡಿಲಿಸಿ, ಲಿವರನ್ನು ಹೊರಕ್ಕೆಳೆದು, ಒಂದು ಹಲ್ಲು ಆಚೀಚೆ ತಿರುಗಿಸಿ ಮತ್ತೆ ಕೂರಿಸಿದರೆ ಅದರ ಎತ್ತರ ಬದಲಾಗುತ್ತದೆ. ಸಾಹೇಬರು ನಮ್ಮವರನ್ನು ಗಾಡಿಯ ಮೇಲೆ ಕೂರಿಸಿ, ಬೂಟಿನ ಹಿಮ್ಮಡಿಗೆ ಸರಿಯಾಗಿ ಕೂರಿಸಿ, ಬೋಲ್ಟು ಬಿಗಿದರು. "ಎಂಗದೆ?" ಎಂದರು. "ಫಸ್ಟ್ ಕ್ಲಾಸ್" ಎಂದರು ನಮ್ಮವರು.

ಮರುದಿನ ಗಾಯ ಇನ್ನೂ ದೊಡ್ಡದಾಗಿತ್ತು.

ನಮ್ಮವರು ಮತ್ತೆ ಬೂಟು ಹಾಕಿಕೊಂಡು ಸಾಹೇಬರ ಹತ್ತಿರ ಹೋದರು. ಗೇರು ಸರಿಯಾಗಿ ಬೀಳುತ್ತಿಲ್ಲ, ಅರ್ಧಕ್ಕೇ ನಿಲ್ಲುತ್ತದೆ ಎಂದರು. ಸಾಹೇಬರು ಅವರನ್ನು ಮತ್ತೆ ಕೂರಿಸಿ, ತುಳಿಸಿ ನೋಡಿದರು. ಸರಿಯಾಗಿ ಬಿತ್ತು. ಆದರೂ ಗಿರಾಕಿ ಬಂದಿದ್ದಾರಲ್ಲ ಅಂತ ಬ್ರೇಕಿನ ಪೆಡಲನ್ನು ಒಂದಿಷ್ಟು ತಗ್ಗಿಸಿ ಕಳಿಸಿದರು. ನಮ್ಮವರು ಅಲ್ಲಿಯೂ "ಫಸ್ಟ್ ಕ್ಲಾಸ್" ಎಂದು ಬಂದರು.

ಬ್ರೇಕು ತಗ್ಗಿಸಿದ್ದರಿಂದ ಹಿಂದಿನ ಕೆಂಪು ದೀಪ ಆರುವುದನ್ನು ಬಿಟ್ಟಿತು. ಗುಡಿಯ ಮುಂದಿನ ಜಗಲಿಯಲ್ಲಿ ದಿನಾ ಕೂರುವ ಇಬ್ಬರು ಗೌಡರಿಗೆ ಇದೊಂದು ವಿಷಯವಾಯಿತು.

"ಅಯ್ನೋರೇ, ನಿಮ್ ಗಾಡಿ ಇಂದ್ಗಡೆ ಕೆಂಪು ಲೈಟು ಅತ್ಕಂಡೇ ಅದೆ ಕಣ್ರೀ. ನಿಂತ್ರೂ ಅದೆ, ಓಗ್ತಿದ್ರೂ ಅದೆ."

"ಏ, ದೇವ್ರ ಗಾಡಿ ಕಣ್ಲಾ ಅದು. ನಂದಾದೀಪ ಉರೀಲಿ ಬುಡು."

ಇದನ್ನು ನಮ್ಮವರು ಮನೆಗೆ ಬಂದು ನನಗೆ ಹೇಳಿದರು, ನಗದೆ. ನಾನು ಅವರ ಪಾದವನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಗಾಯ ತೊಳೆಯುತ್ತಿದ್ದೆ. ಗಾಯದ ಅಂಚು ಬಿಳಿಚಿಕೊಂಡಿತ್ತು. ಹಿಮ್ಮಡಿಯಿಂದ ತುಳಿಯುವ ಲಿವರು ಬಂದ ಮೇಲೆ ಹೆಬ್ಬೆರಳಿಗೆ ಯಾಕೆ ಪೆಟ್ಟಾಗಬೇಕು ಎಂಬುದು ನನಗೆ ತಿಳಿಯಲಿಲ್ಲ. ಅವರನ್ನು ಕೇಳಿದರೆ, "ಹಿಮ್ಮಡಿ ಆಗೊಲ್ಲ ಕಣೇ, ಬೆರಳಲ್ಲೇ ಎತ್ತಿಬಿಡ್ತೀನಿ" ಎಂದರು.

ಆ ವಾರ ಬೂಟಿಗೆ ಪಾಲಿಷ್ ಹಾಕಲು ಕೂತೆ. ಎಡಗಾಲಿನ ಬೂಟಿನ ಹಿಮ್ಮಡಿಯ ಅಡಿ, ಒಳಮಗ್ಗುಲಿಗೆ, ಒಂದು ಕಪ್ಪು ಗ್ರೀಸಿನ ಗೆರೆ. ಹೊಸ ಲಿವರಿನ ಅಗಲಕ್ಕೆ ಸರಿಯಾಗಿ, ಅಡ್ಡಡ್ಡಕ್ಕೆ, ಸ್ಕೇಲಿಟ್ಟು ಎಳೆದ ಹಾಗೆ. ಅವರ ಬರಿಗಾಲಿನ ಹಿಮ್ಮಡಿಯನ್ನು ನಾನು ದಿನಾ ತೊಳೆಯುತ್ತೇನೆ, ಅಲ್ಲಿ ಅಂಥ ಗೆರೆ ಎಂದೂ ಇರಲಿಲ್ಲ. ಬೂಟನ್ನು ಮಗುಚಿ ನೋಡಿದೆ. ಹಿಮ್ಮಡಿಯ ಕಟ್ಟೆ ಒಂದು ಬೆರಳಿಗಿಂತ ದಪ್ಪ ಇತ್ತು.

ಕಾಲಿನ ಗಾಯ ಒಬ್ಬರದು, ಅಳತೆ ಕೊಟ್ಟು ಬಂದದ್ದು ಇನ್ನೊಬ್ಬರು.

"ರೀ" ಎಂದು ಕರೆದು ಬೂಟನ್ನು ತೋರಿಸಿದೆ. "ಗ್ಯಾರೇಜಿನಲ್ಲಿ ಇದನ್ನ ಹಾಕೊಂಡು ಕೂತಿದ್ದಿರಿ. ಸಾಹೇಬರು ಲಿವರನ್ನ ಇದಕ್ಕೆ ಕೂರಿಸಿದಾರೆ. ಗುಡಿಗೆ ಹೋಗೋವಾಗ ಈ ಕಟ್ಟೆ ನಿಮ್ಮ ಕಾಲಡಿ ಇರಲ್ಲ. ಹಿಮ್ಮಡಿ ಎಟುಕೋದೇ ಇಲ್ಲ."

ಅವರು ಬೂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕಚೇರಿಯಲ್ಲಿ ಯಾರೋ ಸಹಿ ಹಾಕದೆ ಕಳಿಸಿದ ಕಾಗದವನ್ನು ನೋಡುವ ಹಾಗೆ.

"ಈಗೇನು ಮಾಡು ಅಂತೀಯ?"

"ಬರಿಗಾಲಲ್ಲಿ ಹೋಗಿ ಕೂತು ಸರಿಮಾಡಿಸಿ."

"ಪ್ಯಾಂಟು ಹಾಕ್ಕೊಂಡು ಬರಿಗಾಲಲ್ಲಾ?"

"ಪಂಚೆ ಉಟ್ಟೇ ಹೋಗಿ. ಕಚ್ಚೆ ಬಿಗಿದಾಗ ಕಾಲು ಇಡೋ ರೀತೀನೇ ಬೇರೆ. ನಾನು ಗಾಡಿ ಹೊರಡಿಸೋವಾಗ ದಿನಾ ನೋಡ್ತೀನಲ್ಲ."

ಅದಾಗದು ಎಂದರು. ಪೇಟೆಗೆ ಆ ವೇಷದಲ್ಲಿ ಹೋಗಿ ಅಭ್ಯಾಸವಿಲ್ಲವಂತೆ. ನಿಜವಾದ ಕಾರಣ ನನಗೆ ಗೊತ್ತಿತ್ತು. ಸಾಹೇಬರ ಗ್ಯಾರೇಜಿನ ಪಕ್ಕದ ಟೀ ಅಂಗಡಿಯಲ್ಲಿ ಇವರ ಕಚೇರಿಯ ಹಳಬರು ಬೆಳಿಗ್ಗೆ ಸೇರುತ್ತಾರೆ. ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದವರಲ್ಲಿ ಒಬ್ಬರೂ ಇವರನ್ನು ಬರಿಗಾಲಿನಲ್ಲಿ ನೋಡಿದವರಿಲ್ಲ. ಇವರು ಪೂಜೆ ಮಾಡುತ್ತಾರೆಂದು ಎಲ್ಲರಿಗೂ ಗೊತ್ತು, ಆದರೆ ಗೊತ್ತಿರುವುದಕ್ಕೂ ನೋಡುವುದಕ್ಕೂ ವ್ಯತ್ಯಾಸವಿದೆ ಎಂದು ಇವರ ಅಭಿಪ್ರಾಯ. ನಾನು ಒತ್ತಾಯ ಮಾಡಲಿಲ್ಲ. ರಾತ್ರಿ ಪಟ್ಟಿ ಕಟ್ಟಿದೆ. ಬೆಳಿಗ್ಗೆ ಬಿಚ್ಚಿದರು.

ಆ ಶುಕ್ರವಾರ ಅವರು ಗುಡಿಯಿಂದ ಮಾಮೂಲಿಗಿಂತ ಮೊದಲೇ ಬಂದರು. ಗಾಡಿ ನಿಲ್ಲಿಸಿ ಒಳಕ್ಕೆ ಬರಲಿಲ್ಲ. ಗೇಟಿನ ಹತ್ತಿರವೇ ನಿಂತು ನಡೆದದ್ದನ್ನು ಹೇಳಿದರು.

ಮಂಗಳಾರತಿ ಮುಗಿದಿತ್ತು. ಶುಕ್ರವಾರ ತಪ್ಪದೆ ಬರುವ ಒಬ್ಬರು ಅಜ್ಜಿ ಹೊಸ್ತಿಲಿಗೆ ನಮಸ್ಕಾರ ಮಾಡಲು ಬಗ್ಗಿದ್ದಾರೆ. ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಕೆಂಪಗೆ ಒಂದು ಬೊಟ್ಟಿನಷ್ಟು ಕಂಡಿದೆ. ಕುಂಕುಮ ಚೆಲ್ಲಿದೆ, ದೇವರ ಕುಂಕುಮ, ತುಳಿದಾರು ಎಂದು ಅದನ್ನು ಬೆರಳಿಗೆ ತೆಗೆದುಕೊಂಡು ಹಣೆಯವರೆಗೆ ಒಯ್ದಿದ್ದಾರೆ. ನಮ್ಮವರು ನೋಡಿ, "ಅಜ್ಜಿ, ಬೇಡ, ಬೇಡ" ಎಂದು ಕೂಗಿದರಂತೆ.

"ಯಾಕ್ ಅಯ್ನೋರೇ, ಕುಂಕುಮ ಅಲ್ವರಾ ಇದು?" ಎಂದಿದ್ದಾರೆ ಅಜ್ಜಿ.

ಅದಕ್ಕೆ ಏನು ಉತ್ತರ ಹೇಳಿದಿರಿ ಎಂದು ಕೇಳಿದೆ. ತಂಬಿಗೆಯ ನೀರಿನಿಂದ ಅಜ್ಜಿಯ ಬೆರಳನ್ನು ಇವರೇ ತೊಳೆದರಂತೆ. ಆಮೇಲೆ ಕಲ್ಲನ್ನು ತೊಳೆದು, ಶುದ್ಧಿ ಮಾಡಿ, ಬಾಗಿಲು ಹಾಕಿಕೊಂಡು ಬಂದರಂತೆ.

"ಹೊರಡು" ಎಂದರು. ಬರಿಗಾಲು, ಕಚ್ಚೆ ಪಂಚೆ, ಹಣೆಯಲ್ಲಿ ಗಂಧ, ಎಲ್ಲ ಹಾಗೆಯೇ ಇತ್ತು.

"ಬಟ್ಟೆ?"

"ಪೂಜೆ ಮುಗಿದಿದೆ. ಈಗ ಯಾರು ಮುಟ್ಟಿದರೂ ಏನೂ ಇಲ್ಲ. ಬೀಗ ಹಾಕಿ ಬಾ."

ಒಲೆ ಆರಿಸಿ, ಹವಾಯಿ ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಹಾಕಿ ಬಂದು ಹಿಂದೆ ಕೂತೆ. ಬರಿಗಾಲಿನವರ ಗಾಡಿಯಲ್ಲಿ ನಾನು ಕೂತದ್ದು ಅದೇ ಮೊದಲು. ಅವರ ಹೆಬ್ಬೆರಳು ಲಿವರಿನ ಅಡಿಗೆ ಹೋಗುವಾಗ ನೋಡಬಾರದೆಂದುಕೊಂಡೆ. ನಾನು ಕೂರುವ ರೀತಿಗೆ ಬೇರೆ ಕಡೆ ನೋಡಲು ದಾರಿಯಿರಲಿಲ್ಲ.

ಟೀ ಅಂಗಡಿಯಲ್ಲಿ ಹಳಬರು ಇದ್ದರು. ಗಾಡಿ ನಿಂತ ಕೂಡಲೇ ಎಲ್ಲರೂ ಈ ಕಡೆ ತಿರುಗಿದರು. ಒಬ್ಬರು ಲೋಟ ಹಿಡಿದುಕೊಂಡೇ ಎದ್ದು ಬಂದರು. ಇವರ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರು.

"ಏನ್ ಸಾರ್, ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ, ನಿಮಗೆ ಕಾಲಿರೋದೇ ಇವತ್ತು ಗೊತ್ತಾಯ್ತು ನೋಡಿ."

"ಎರಡಿವೆ" ಎಂದರು ನಮ್ಮವರು.

ಅವರು ಮುಂದೇನೋ ಹೇಳುವವರಿದ್ದರು. ಎಡಗಾಲಿನ ಬೆರಳು ಕಂಡಿತು ಅಂತ ಕಾಣುತ್ತದೆ, ಲೋಟವನ್ನು ಗೋಡೆಯ ಮೇಲಿಟ್ಟರು.

ಸಾಹೇಬರು ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಕೆಳಗೆ ಕುಕ್ಕರುಗಾಲಲ್ಲಿ ಕೂತರು. ಪಾದದ ಹತ್ತಿರ ಕೈ ಚಾಚಿದವರು ಹಿಂದಕ್ಕೆ ತೆಗೆದರು.

"ಕಾಲ್ ಮುಟ್ಬೋದಾ ಸ್ವಾಮಿ?"

"ಮುಟ್ಟಪ್ಪ. ಅದಕ್ಕೇ ಬಂದಿದ್ದೀನಿ."

ಸಾಹೇಬರು ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದು ಫುಟ್‌ರೆಸ್ಟಿನ ಮೇಲೆ ಇಟ್ಟರು. ಹಿಮ್ಮಡಿಯನ್ನು ಒತ್ತಿ ನೋಡಿದರು. ಲಿವರು ಎಟುಕಲಿಲ್ಲ. ಆಮೇಲೆ ಹೆಬ್ಬೆರಳನ್ನು ನೋಡಿದರು. ಅವರ ಮುಖ ಕೆಂಪಾಯಿತು.

"ಇದೇನ್ ಸ್ವಾಮಿ ಇದು! ಇಂತಾ ಗಾಯ ಮಡೀಕಂಡು ಎರಡ್ ಸಲ ಬೂಟ್ ಆಕ್ಕಂಡ್ ಬಂದು ಪಸ್ಟ್ ಕ್ಲಾಸ್ ಪಸ್ಟ್ ಕ್ಲಾಸ್ ಅಂತೀರಲ್ಲ. ಒಂದ್ ಮಾತ್ ಏಳ್ಬಾರ್ದಾ? ಬರಿಗಾಲಲ್ಲಿ ಓಡುಸ್ತೀನಿ ಅಂತ?"

"ನೀನು ಕೇಳಲಿಲ್ಲ."

"ಕೇಳ್ತಾರಾ ಯಾರಾದ್ರೂ? ಬೂಟ್ ಆಕ್ಕಂಡಿರೋರ್ನ, ನೀವು ಬೂಟ್ ಆಕ್ತೀರಾ ಅಂತ? ಅಮ್ಮಾ, ನೀವಾದ್ರೂ ಏಳ್ಬಾರ್ದಾ?"

"ನಾನು ಬದನೆಕಾಯಿ ತಗೋತಿದ್ದೆ" ಎಂದೆ. ಅದು ನಿಜ.

ಸಾಹೇಬರು ಬೋಲ್ಟು ಬಿಚ್ಚಿ, ಲಿವರನ್ನು ಎಳೆದು, ಒಂದು ಹಲ್ಲು ತಿರುಗಿಸಿ ಕೂರಿಸಿದರು. ಹಿಂದಿನ ತುದಿ ಏರಿ ಹಿಮ್ಮಡಿಗೆ ಸಿಕ್ಕಿತು, ಆದರೆ ಮುಂದಿನ ತುದಿ ಇಳಿದು ಎಂಜಿನ್ನಿನ ಅಡಿಗೆ ಹೋಯಿತು. ಗೇರು ಇಳಿಸಲು ತುಳಿದರೆ ಕಾಲೇ ಜಾರಿತು. ಮತ್ತೆ ಒಂದು ಹಲ್ಲು ಹಿಂದಕ್ಕೆ. ಈಗ ಮುಂದೆ ಸರಿಯಾಯಿತು, ಹಿಂದೆ ಹಿಮ್ಮಡಿಗೆ ಒಂದು ಬೆರಳಿನಷ್ಟು ಎಟುಕದು. ತಿರುಗಿಸಿ ತಿರುಗಿಸಿ ನೋಡಿದರು. ಲೋಟದವರೂ ಬಗ್ಗಿ ನೋಡಿ, "ಅರ್ಧ ಹಲ್ಲು ತಿರುಗಿಸೋಕೆ ಆಗಲ್ವಾ?" ಎಂದರು.

"ಸಾರ್, ಅಲ್ಲು ಅಂದ್ರೆ ಅಲ್ಲು. ಅರ್ಧ ಅಲ್ಲು ಮಾಡೀರೋರು ಯಾರೂ ಇಲ್ಲ" ಎಂದರು ಸಾಹೇಬರು. ಬೇರೆ ಲಿವರು ಬೆಂಗಳೂರಿನಿಂದ ತರಿಸಬೇಕು, ಬರುತ್ತದೋ ಇಲ್ಲವೋ ಎಂದು ತಲೆ ಕೆರೆದುಕೊಂಡರು. "ಇಂದ್ಗಡೆ ಒಂದ್ ಬೆರಳ್ ದಪ್ಪ ಏನಾರಾ ಕಟ್ಬೇಕು. ಮರ ಕಟ್ಟುದ್ರೆ ಜಾರ್ತದೆ. ಮೆತ್ತಗೆ ಇರ್ಬೇಕು."

ನಾನು ನೆಲ ನೋಡುತ್ತಿದ್ದೆ. ನೆಲದಲ್ಲಿ ನನ್ನ ಹವಾಯಿ ಚಪ್ಪಲಿ ಕಾಣಿಸಿತು. ಒಂದು ಬೆರಳು ದಪ್ಪ. ಮೆತ್ತಗಿತ್ತು. ಒಂದನ್ನು ಬಿಟ್ಟು ಸಾಹೇಬರ ಮುಂದೆ ಸರಿಸಿದೆ.

ಸಾಹೇಬರು ಅದನ್ನೆತ್ತಿ ಲಿವರಿನ ಮೇಲಿಟ್ಟು ಅಳೆದರು. "ಕರೆಕ್ಟ್ ಕಣಮ್ಮ" ಎಂದರು.

"ಅದು ಬೇಡ" ಎಂದರು ನಮ್ಮವರು ಮೇಲಿಂದ. "ಅದು ನೀನು ಮೆಟ್ಟಿರೋದು."

"ರಬ್ಬರು ಮರದ ಹಾಲು ಅಂದಿರಿ."

"ಮರದ ಹಾಲೇ. ಆದರೆ ಅದನ್ನ ಮೆಟ್ಟಿ ಬೀದಿ ಸುತ್ತಿದ್ದೀಯ."

"ಮೆಟ್ಟದೇ ಇರೋದಾದರೆ?"

ನಮ್ಮವರು ಹ್ಯಾಂಡಲನ್ನು ಹಿಡಿದುಕೊಂಡು ಯೋಚಿಸಿದರು. ಇಂಥ ವಿಷಯದಲ್ಲಿ ಅವಸರ ಮಾಡಬಾರದೆಂದು ಸಾಹೇಬರಿಗೂ ಗೊತ್ತಿತ್ತು ಅಂತ ಕಾಣುತ್ತದೆ, ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಕಾದರು. "ಹೊಸದಾದರೆ ಅದಿನ್ನೂ ಚಪ್ಪಲಿ ಅಲ್ಲ" ಎಂದರು ನಮ್ಮವರು ಕೊನೆಗೆ. "ಅದನ್ನ ನಾನು ಮೆಟ್ಟೋದೂ ಇಲ್ಲ. ತುಳೀತೀನಿ, ಅಷ್ಟೆ."

ನಾನು ಚಪ್ಪಲಿ ಮೆಟ್ಟಿಕೊಂಡು ರಸ್ತೆಯಾಚೆಯ ಅಂಗಡಿಗೆ ಹೋದೆ.

"ಯಾವ್ ಸೈಜು ಕೊಡ್ಲಕ್ಕಾ?" ಎಂದಳು ಅಂಗಡಿಯ ಹೆಂಗಸು.

"ಯಾವುದಾದರೂ ಆದೀತಮ್ಮ."

"ಯಾರ್ಗೆ?"

"ಗಾಡಿಗೆ."

ಅವಳು ನನ್ನ ಮುಖ ನೋಡಿ, ಮುಂದೆ ಕೇಳದೆ, ನೀಲಿ ಪಟ್ಟಿಯ ಒಂದು ಜೊತೆಯನ್ನು ಕವರಿಗೆ ಹಾಕಿ ಕೊಟ್ಟಳು.

ಸಾಹೇಬರು ಎಡಗಾಲಿನದನ್ನು ತೆಗೆದುಕೊಂಡು ಹಿಮ್ಮಡಿಯ ಭಾಗವನ್ನು ಕತ್ತರಿಸಿದರು. ಲಿವರಿನ ಹಿಂದಿನ ತುದಿಯ ಮೇಲಿಟ್ಟು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿದರು. ನಮ್ಮವರ ಹಿಮ್ಮಡಿ ಅದರ ಮೇಲೆ ಬಂದು ಕೂತಿತು. ತುಳಿದರು. ಗೇರು ಬಿತ್ತು. ಮತ್ತೆ ತುಳಿದರು. ಹೆಬ್ಬೆರಳು ಕದಲಲಿಲ್ಲ, ಗಾಳಿಯಲ್ಲಿ ಸುಮ್ಮನೆ ನಿಂತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಎಂಗದೆ ಸ್ವಾಮಿ?"

ನಮ್ಮವರು ಈ ಸಲ ಫಸ್ಟ್ ಕ್ಲಾಸ್ ಎನ್ನಲಿಲ್ಲ. "ಎಟುಕ್ತಾ ಇದೆ" ಎಂದರು.

ಸಾಹೇಬರು ಬ್ರೇಕು ನೋಡಲೆಂದು ಎದ್ದು ಬಲಗಡೆಗೆ ಹೋದರು. ಕೂರಲು ಜಾಗವಿಲ್ಲದೆ ನಿಂತೇ ಇದ್ದ ನಾನೂ ಅವರ ಹಿಂದೆ ಆ ಕಡೆಗೆ ಹೋದೆ. ಸಾಹೇಬರು ಬಲಗಾಲನ್ನು ಎತ್ತಿದರು. ಅಂಗಾಲಿನಲ್ಲಿ, ಬೆರಳುಗಳ ಬುಡಕ್ಕೆ, ಅಡ್ಡಕ್ಕೆ ಒಂದು ಕಂದು ಗೀರು. ಚರ್ಮ ಗಟ್ಟಿಯಾಗಿ ನಡುವೆ ಸಣ್ಣಗೆ ಬಿರಿದಿತ್ತು. ಬ್ರೇಕಿನ ಪೆಡಲಿನ ಗುರುತು.

"ಇದನ್ನ ಯಾಕೆ ಹೇಳಲಿಲ್ಲ?" ಎಂದೆ.

"ನಿನಗೆ ಎಡಗಾಲಿನದೇ ಸಾಕಾಗಿತ್ತು" ಎಂದರು. "ಈ ಕಡೇದು ನಿನಗೆ ಕಾಣಿಸೋದೂ ಇಲ್ಲವಲ್ಲ."

ಸಾಹೇಬರು ಪೆಡಲಿನ ಕೆಳಗಿನ ನಟ್ಟು ತಿರುಗಿಸಿ ಬರಿಗಾಲಿಗೆ ತಕ್ಕ ಹಾಗೆ ಎತ್ತರ ಕೂರಿಸಿದರು. ಬ್ರೇಕಿನ ಕಡ್ಡಿಯನ್ನು ಬಿಗಿ ಮಾಡಿದರು. ಅಲ್ಲೇ ಇದ್ದ ಸಣ್ಣ ಸ್ಪ್ರಿಂಗನ್ನು ಏನೋ ಮಾಡಿದರು, ಹಿಂದಿನ ಕೆಂಪು ದೀಪ ಆರಿತು. ಬ್ರೇಕಿನ ಮೇಲೂ ಒಂದು ಚಪ್ಪಲಿ ತುಂಡು ಕಟ್ಟಿ ಎಂದೆ. ಬಲಗಾಲಿನ ಚಪ್ಪಲಿ ಹೇಗೂ ಕವರಿನಲ್ಲಿತ್ತು. ಲೋಟದವರು ಟ್ಯೂಬಿನ ತುದಿ ಹಿಡಿದುಕೊಂಡರು.

ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಗಾಯ ಒಣಗುತ್ತಾ ಬಂದಿತ್ತು. ಅವರು ಬೆರಳನ್ನು ಒತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಅಂಚಿನಲ್ಲಿ ಹೊಸ ಚರ್ಮ ಬರುತ್ತಿದೆ, ಬೆರಳಿಗೆ ಇನ್ನು ಭಯವಿಲ್ಲ ಎಂದರು. ನಾನು ಪರ್ಸಿನ ಜ಼ಿಪ್ಪನ್ನು ಎಳೆದು ಮುಚ್ಚಿದೆ. ಅದು ಆಗಲೇ ಮುಚ್ಚಿತ್ತು.

"ಅಂತೂ ಚಪ್ಪಲಿ ಹಾಕೋಕೆ ಶುರು ಮಾಡಿದಿರಿ" ಎಂದರು ಡಾಕ್ಟರು.

"ನಾನಲ್ಲ. ಗಾಡಿ ಹಾಕ್ಕೊಂಡಿದೆ" ಎಂದರು ನಮ್ಮವರು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಸಕ್ಕರೆ ಕಡಿಮೆಯಾಗಿ ತಲೆ ಸುತ್ತುವುದು, ಮಾತು ತಪ್ಪುವುದು ಏನಾದರೂ ಇದೆಯೇ ಎಂದು ಕೇಳಿ, ಇಲ್ಲವೆಂದರೂ ಒಂದು ರಕ್ತಪರೀಕ್ಷೆ ಬರೆದುಕೊಟ್ಟರು.

ಈಗಲೂ ಬೂಟಿನವರು ಆ ಗಾಡಿ ಓಡಿಸಿದರೆ ಅವರಿಗೆ ಹಿಂದಿನ ಲಿವರು ಎತ್ತರವಾಗಿ ತೊಡರುತ್ತದೆ. ಹಾಗಾಗಿ ಪೇಟೆಗೂ ಬರಿಗಾಲಿನಲ್ಲೇ ಓಡಿಸಿ, ಅಂಗಡಿ ಮುಂದೆ ಇಳಿದು, ಸೀಟಿನ ಪಕ್ಕದ ಚೀಲದಿಂದ ಬೂಟು ತೆಗೆದು ಹಾಕಿಕೊಳ್ಳುತ್ತಾರೆ. ಮದ್ದೂರಿನಲ್ಲಿ ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ನಾನು ಎಂದಿನಂತೆ ಎಡಕ್ಕೇ ಕೂರುತ್ತೇನೆ. ಒಡಕು ಹಿಮ್ಮಡಿ ಚಪ್ಪಲಿ ತುಂಡಿನ ಮೇಲೆ ಇಳಿಯುವುದು, ಏಳುವುದು ಕಾಣಿಸುತ್ತದೆ. ಮನೆ ಮುಂದೆ ಗಾಡಿ ನಿಂತ ಮೇಲೆ ಸೀದಾ ಗೇಟಿಗೆ ಹೋಗುವುದಿಲ್ಲ. ಸುತ್ತು ಹಾಕಿ ಆ ಕಡೆಗೆ ಹೋಗುತ್ತೇನೆ.

"ಎತ್ತಿ" ಎನ್ನುತ್ತೇನೆ.

ಅವರು ಹ್ಯಾಂಡಲು ಹಿಡಿದುಕೊಂಡು ಬಲಗಾಲು ಎತ್ತಿ ತೋರಿಸುತ್ತಾರೆ.